ವಡ್ಡು ಕಡೆಗೆ ಒಂದು ಬಸ್ಸು

ಹೊತ್ತು ಮುಳುಗಿತ್ತು. ಪಾಪಿನಾಯಕನಹಳ್ಳಿಯ ಚೆನ್ನಬಸಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಮತ್ತೆ ಮತ್ತೆ ಬಾಗಿಲಿಗೆ ಬಂದು ನೋಡುತ್ತಿದ್ದಳು. ಸೊಸೆ ಸುಧಾರಾಣಿ ಇನ್ನೂ ಬಂದಿರಲಿಲ್ಲ.

ಸುಧಾರಾಣಿ ಡಿಪ್ಲೊಮಾ ಓದಿದವಳು. ವಡ್ಡು ಎಂಬ ಊರಿನ ಹತ್ತಿರದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಹೇಗೋ ಆಟೊ ಸಿಗುತ್ತಿತ್ತು. ಸಂಜೆಯದೇ ಕಷ್ಟ. ಊರೊಳಗೆ ಬಸ್ಸು ಬರುವುದಿಲ್ಲ. ಹೈವೇ ಬಸ್ಸು ಕ್ರಾಸಿನಲ್ಲಿ ನಿಂತರೆ ಪುಣ್ಯ. ಇಲ್ಲದಿದ್ದರೆ ಮುಂದೆಲ್ಲೋ ಇಳಿದು ರಸ್ತೆ ಅಂಚಿನಲ್ಲಿ ನಡೆದು ಬರಬೇಕು.

ಕೊನೆಗೆ ಬಂದಳು. ಕಿತ್ತುಹೋದ ಚಪ್ಪಲಿ ಕೈಯಲ್ಲಿತ್ತು. ಮೈತುಂಬ ಅದಿರಿನ ಕೆಂಪು ಧೂಳು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು.

"ಏನಾತವ್ವ ಇದು?"

"ಏನಿಲ್ಲ ಅತ್ತಿ. ಟಿಪ್ಪರ್ ಭಾಳ ಬಾಜೂಕ ಬಂತು. ಸರಿಯಾಕ ಹೋಗಿ ಬಿದ್ದೆ."

ಊಟಕ್ಕೆ ಕೂತಿದ್ದ ಮಗ ತಿಪ್ಪೇಶ್ ತಟ್ಟೆ ಸರಿಸಿ ಎದ್ದ. "ನಾಳಿಂದ ಕೆಲ್ಸಕ್ಕ ಹೋಗಾದು ಬ್ಯಾಡ."

"ಹಂಗ ಅಂದ್ರ ಹೆಂಗ ರೀ?"

"ನಾನೂ ಟಿಪ್ಪರ್ ಓಡ್ಸೋನ. ಕತ್ಲಾಗೋ ಹೊತ್ನಾಗ ಎದುರ್ನ ಲೈಟು ಕಣ್ಣಿಗೆ ಹೊಡಿತತಿ. ಅಂಚಿನ್ಯಾಗ ನಡಿಯೋ ಮನುಷ್ಯಾರು ನಮಗ ಕಾಣಂಗಿಲ್ಲ. ಇವತ್ತು ಅದು ಯಾರ ಗಾಡಿನೋ ಏನೋ. ನಾಳಿ ನಂದ ಆದ್ರ?"

ಸುಧಾರಾಣಿ ಬಚ್ಚಲಿಗೆ ಹೋಗಿ ಮುಖ ತೊಳೆದಳು. ಬಹಳ ಹೊತ್ತು ತೊಳೆಯುತ್ತಲೇ ಇದ್ದಳು. ಚೆನ್ನಬಸಮ್ಮನಿಗೆ ಮಗನ ಮಾತೂ ಸರಿ ಅನಿಸಿತು, ಸೊಸೆಯ ಸಂಕಟವೂ ಗೊತ್ತಾಯಿತು. ಕಲಿತ ಹುಡುಗಿ, ಇಷ್ಟಪಟ್ಟು ಹಿಡಿದ ಕೆಲಸ. ಒಂದು ಬಸ್ಸಿಲ್ಲ ಅಂತ ಬಿಡಬೇಕೇ?

ಮರುದಿನ ಮಧ್ಯಾಹ್ನ ಗೆಳತಿ ಮರುಳಸಿದ್ದಮ್ಮ ಬಂದು ಕಟ್ಟೆಯ ಮೇಲೆ ಕೂತಳು. ಈಗ ಪಂಚಾಯ್ತಿ ಮೆಂಬರಾದರೂ ಒಂದು ಕಾಲಕ್ಕೆ ಅವಳೂ ಚೆನ್ನಬಸಮ್ಮನ ಜೊತೆ ಮಾರಲು ಸೊಪ್ಪು ಪಲ್ಯದ ಪುಟ್ಟಿ ಹೊತ್ತವಳೇ. ಇಬ್ಬರೂ ಸೇರಿದರೆ ಸಾಕು, ಹಳೇ ಬಸ್ಸಿನ ಮಾತು ಬಂದೇ ಬರುತ್ತಿತ್ತು.

ಆಗ ಬೆಳಗಿನ ಕೆಂಪು ಬಸ್ಸು ಊರೊಳಗೇ, ಬೇವಿನಮರದ ತನಕ ಬರುತ್ತಿತ್ತು. ಮೆಂತ್ಯ, ಪುಂಡಿ, ರಾಜಗಿರಿ ತುಂಬಿದ ಪುಟ್ಟಿಗಳು ಮೇಲೆ, ಹೆಣ್ಣುಮಕ್ಕಳು ಒಳಗೆ. ಇಬ್ಬರ ಸೀಟಿಗೆ ನಾಲ್ವರು. ಕಂಡಕ್ಟರ್ ಉಚ್ಚೆಂಗಪ್ಪನಿಗೆ ಎಲ್ಲರ ಹೆಸರೂ ಗೊತ್ತು. ಒಬ್ಬಳು ಬರದಿದ್ದರೆ "ಏ ತಡಿಯಪ್ಪಾ, ಚೆನ್ನಬಸಮ್ಮ ಇನ್ನಾ ಬಂದಿಲ್ಲ" ಎಂದು ಡ್ರೈವರನಿಗೆ ಕೂಗುತ್ತಿದ್ದ. ಯಾರ ಮಗಳ ಮದುವೆ ಎಲ್ಲಿ ಗೊತ್ತಾಯಿತು, ಯಾರ ಎಮ್ಮೆ ಕರು ಹಾಕಿತು, ಎಲ್ಲ ಸುದ್ದಿಯೂ ಹೊಸಪೇಟೆ ಮಾರ್ಕೆಟ್ ಮುಟ್ಟುವುದರೊಳಗೆ ಮುಗಿಯಬೇಕು. ಹಸಿ ಪಲ್ಯದ ವಾಸನೆ, ಡೀಸೆಲ್ ವಾಸನೆ, ಮುಡಿದ ಹೂವಿನ ವಾಸನೆ ಸೇರಿ ಆ ಬಸ್ಸಿಗೆ ಅದರದೇ ಒಂದು ವಾಸನೆಯಿತ್ತು. ಆಮೇಲೆ ಹೈವೇ ಅಗಲವಾಯಿತು. ಬಸ್ಸುಗಳು ಊರೊಳಗೆ ಇಳಿಯದೆ ಅದರ ಮೇಲೇ ಜೋರಾಗಿ ಹೋಗತೊಡಗಿದವು. ಬೇವಿನಮರದ ಹತ್ತಿರ ಬರುವುದು ನಿಂತುಹೋಯಿತು.

"ಆ ಬಸ್ ಇದ್ದಿದ್ರ ನಿನ್ನೆ ನಮ್ಮ ಸುಧಾ ಬೀಳ್ತಿದ್ದಿಲ್ಲ" ಎಂದಳು ಚೆನ್ನಬಸಮ್ಮ.

"ಅದಕ್ಕ ಬಂದೀನಿ ಕೇಳಿಲ್ಲಿ. ಬಸ್ಸು ಎಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು, ರಸ್ತಿ ಹೆಂಗ ಇರಬೇಕು ಅಂತ ಈ ಭಾಗಕ್ಕೊಂದು ಸಾರಿಗೆ ಯೋಜನೆ ಐತಿ. ಅದನ್ನ ಈಗ ತಿದ್ದಾಕ ಹತ್ಯಾರ. ಗುರುವಾರ ಪಂಚಾಯ್ತಿ ಹಾಲ್‌ನಾಗ ಸಭಾ. ಜನಕ್ಕೇನು ಬೇಕು ಅಂತ ಕೇಳ್ತಾರಂತ."

"ಕೇಳ್ತಾರ, ಚಾ ಕುಡಿತಾರ, ಹೋಗ್ತಾರ. ಮೊದ್ಲು ಯೋಜನೆ ಮಾಡಿದಾಗ ನಮ್ಮನ್ನ ಯಾರು ಕೇಳಿದ್ರು?"

"ಕೇಳಿದ್ರವ್ವ. ಆಗೂ ಡಂಗುರ ಹೊಡ್ಸಿದ್ರು. ನೀನೂ ನಾನೂ ಕಳೆ ತೆಗ್ಯಾಕ ಹೋಗಿದ್ವಿ. ಹೋದೋರು ಹೊಸಪೇಟಿಗೆ ಬಸ್ ಕೇಳಿದ್ರು, ಹಂಪಿ ನೋಡಾಕ ಬರೋರಿಗೆ ಬಸ್ ಕೇಳಿದ್ರು. ಕೇಳಿದ್ದು ಬಂತು."

"ಬರ್ದಿದ್ದನ್ನ ಮತ್ತ ತಿದ್ತಾರೇನು?"

"ಹಂಪಿ ಕಲ್ಲಿನ ಮ್ಯಾಲೆ ಕೆತ್ತಿದ ಅಕ್ಷರ ಏನಲೇ ಅದು? ಜನ ಬದಲಾದಂಗ ಅದೂ ಬದಲಾಗಬೇಕು. ಆದ್ರ ಬದಲಾಗಿದ್ದನ್ನ ನಾವು ಹೋಗಿ ಹೇಳಬೇಕು."

ಚೆನ್ನಬಸಮ್ಮ ಒಪ್ಪಿದಳು. ಹೇಗೂ ಹೋಗುವುದಾದರೆ ತನ್ನ ಹಳೇ ಬೆಳಗಿನ ಬಸ್ಸನ್ನೇ ವಾಪಸ್ ಕೇಳಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಗುರುವಾರ ಹಾಲ್ ತುಂಬಿತ್ತು. ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದ್ದರು. ಕಂಪ್ಲಿ, ಸಂಡೂರು, ಹಂಪಿ, ಎಲ್ಲ ಕಡೆಯಿಂದಲೂ ಬಸ್ಸಿನ ಗೆರೆಗಳು ಹೊಸಪೇಟೆಗೆ ಬಂದು ಸೇರಿದ್ದವು. ಒಬ್ಬರು ಬೀದಿದೀಪ ಕೇಳಿದರು, ಇನ್ನೊಬ್ಬರು ರಸ್ತೆಗುಬ್ಬು ಕೇಳಿದರು. ಮರುಳಸಿದ್ದಮ್ಮ ಮೊಣಕೈಯಿಂದ ತಿವಿದಾಗ ಚೆನ್ನಬಸಮ್ಮ ಎದ್ದು ನಿಂತಳು.

ಮಾತು ತಾನಾಗಿ ಬಂತು. ಬೇವಿನಮರ, ಪುಟ್ಟಿಗಳು, ಹೆಸರು ಹಿಡಿದು ಕೂಗುವ ಉಚ್ಚೆಂಗಪ್ಪ, ಎಲ್ಲವನ್ನೂ ಹೇಳಿದಳು. ಹಿರಿಯ ಹೆಂಗಸರು ನಕ್ಕರು, ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆ ಬಸ್ ನಮಗ ವಾಪಸ್ ಕೊಡ್ರಿ ಸರ."

ಸಭೆ ನಡೆಸಲು ಬಂದಿದ್ದ ಸಾರಿಗೆ ಅಧಿಕಾರಿ ಮಧ್ಯದಲ್ಲಿ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಅಮ್ಮಾ, ಆ ಬಸ್ಸು ನಾಳೆ ಬೆಳಿಗ್ಗೆ ಬಂತು ಅಂತ ಇಟ್ಟುಕೊಳ್ಳಿ. ಯಾರು ಯಾರು ಹತ್ತುತ್ತೀರಿ?"

ಹೆಸರು ಹೇಳಲು ಚೆನ್ನಬಸಮ್ಮ ಹಿಂದಕ್ಕೆ ತಿರುಗಿದಳು. ಆ ಬಸ್ಸಿನ ಗೆಳತಿ ಯಮನಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರಳು. ರೇಣುಕಮ್ಮ ತೀರಿಹೋಗಿದ್ದಳು. ಪಲ್ಯ ಒಯ್ಯಲು ಈಗ ಟೆಂಪೊ ಹೊಲಕ್ಕೇ ಬರುತ್ತದೆ. ಮರುಳಸಿದ್ದಮ್ಮ ನೆಲ ನೋಡುತ್ತಿದ್ದಳು. ಚೆನ್ನಬಸಮ್ಮ ತಾನಾದರೂ ಪುಟ್ಟಿ ಹೊತ್ತು ಎಷ್ಟು ವರ್ಷವಾಯಿತು!

ಕೂತುಬಿಡಬಹುದಿತ್ತು. ಆದರೆ ಸೊಸೆಯ ತರಚಿದ ಕೈ ಕಣ್ಣ ಮುಂದೆ ಬಂತು.

"ಹತ್ತೋರು ಯಾರೂ ಇಲ್ಲ ಸರ" ಎಂದಳು. "ಅದು ನಮ್ಮ ಕಾಲದ ಆಸಿ, ಬಿಡ್ರಿ. ಈಗಿಂದು ಹೇಳ್ತೀನಿ. ನಮ್ಮ ಮಕ್ಕಳು ಮೊದ್ಲಿನಂಗ ಬರೇ ಹೊಸಪೇಟಿ ಕಡೆ ಹೋಗಂಗಿಲ್ಲ, ಮೂಡಲ ದಿಕ್ಕಿಗೆ, ವಡ್ಡು ಕಡೆ ದುಡಿಯಾಕ ಹೋಗ್ತಾರ. ಹೊತ್ತು ಮುಳುಗಿದ ಮ್ಯಾಲೆ ಟಿಪ್ಪರ್ ನಡುವ ನಡಕೊಂಡು ಬರ್ತಾರ. ನನ್ನ ಸೊಸಿ ಮೊನ್ನೆ ಬಿದ್ದು ಬಂದ್ಲು. ಸಂಜಿಗೆ ಆ ಕಡೆಯಿಂದ ಊರೊಳಗ ಬರೋ ಬಸ್ ಬೇಕ್ರಿ."

ಮರುಳಸಿದ್ದಮ್ಮ ಎದ್ದಳು. "ಯಾರ ಮನ್ಯಾಗ ಆ ಕಡೆ ದುಡಿಯಾಕ ಹೋಗೋರು ಅದಾರ, ಕೈ ಎತ್ರಿ."

ಹಾಲ್‌ನ ಉದ್ದಕ್ಕೂ ಕೈಗಳು ಎದ್ದವು. ಒಬ್ಬರನ್ನೊಬ್ಬರು ನೋಡಿ ಊರವರಿಗೇ ಆಶ್ಚರ್ಯವಾಯಿತು. ದುಡಿಯುವವರೆಲ್ಲ ಆ ಹೊತ್ತಿಗೆ ಕೆಲಸದಲ್ಲಿದ್ದರು. ಸಭೆಗೆ ಬಂದು ಹೇಳಲು ಅವರಿಗೆ ಬಿಡುವೆಲ್ಲಿ?

ಅಧಿಕಾರಿ ನಕ್ಷೆಯ ಮುಂದೆ ನಿಂತರು. "ಈ ಕಡೆ ನಾವು ಲಾರಿಗಳನ್ನು ಮಾತ್ರ ಲೆಕ್ಕ ಹಿಡಿದಿದ್ದೆವು. ದಿನಾ ಹೋಗಿಬರುವ ಜನರನ್ನು ಹಿಡಿದಿರಲಿಲ್ಲ. ಮಾತು ಕೊಡುವುದು ನನ್ನ ಕೈಯಲ್ಲಿಲ್ಲ. ಆದರೆ ಇದನ್ನು ಯೋಜನೆಗೆ ಸೇರಿಸಿ ಕಳಿಸುತ್ತೇನೆ. ಮೊದಲು ಒಂದು ಬಸ್ಸನ್ನು ಪರೀಕ್ಷೆಗೆ ಬಿಟ್ಟು ನೋಡಬಹುದು. ಜನ ಹತ್ತಿದರೆ ಉಳಿಯುತ್ತದೆ."

ಆ ರಾತ್ರಿ ತಿಪ್ಪೇಶ್ ತಾಯಿಯ ಮಾತೆಲ್ಲ ಕೇಳಿ, "ಅಲ್ಲೀ ತನಕ ನಾನ ಬೈಕ್ ತಗಂಡು ಕ್ರಾಸಿಗೆ ಬರ್ತೀನಿ" ಎಂದ. ಹೆಂಡತಿ ಕೆಲಸ ಬಿಡುವ ಮಾತು ಎತ್ತಲಿಲ್ಲ.

ಮಳೆಗಾಲ ಕಳೆದ ಮೇಲೆ ಬಸ್ಸು ಬಂತು. ಬಂದರೂ ಖಾಲಿ! ಶಿಫ್ಟು ಬಿಡುವ ಮೊದಲೇ ಅದು ವಡ್ಡು ಬಿಟ್ಟು ಬರುತ್ತಿತ್ತು. "ನೋಡು, ಹತ್ತೋರಿಲ್ಲ ಅಂತ ನಿಲ್ಲಿಸಿಬಿಡ್ತಾರ" ಎಂದು ಈ ಸಲ ಅವಸರ ಮಾಡಿದವಳು ಚೆನ್ನಬಸಮ್ಮನೇ. ಗೆಳತಿಯರಿಬ್ಬರೂ ಹೊಸಪೇಟೆಗೆ ಹೋಗಿ ಡಿಪೋದಲ್ಲಿ ಶಿಫ್ಟಿನ ಹೊತ್ತು ತಿಳಿಸಿ ಬಂದರು. ವೇಳೆ ಬದಲಾಯಿತು. ಬಸ್ಸು ತುಂಬಿತು.

ಒಂದು ದಿನ ಸುಧಾರಾಣಿ ಅಂದಳು: "ಅತ್ತಿ, ಸಭಾದಾಗ ಅಷ್ಟು ಮಾತಾಡಿದ್ರಂತ. ನೀವ ಆ ಬಸ್ ಹತ್ತಿಲ್ಲಲ್ಲ? ನಾಳಿ ನನಗ ರಜಾ. ನಡ್ರಿ, ಹೋಗಿ ಬರಾಣ."

ಮರುದಿನ ವಡ್ಡು ಕಡೆ ಹೊರಟ ಹೊಸ ಬಸ್ಸಿನಲ್ಲಿ ಚೆನ್ನಬಸಮ್ಮನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಪಲ್ಯದ ವಾಸನೆಯೂ ಇರಲಿಲ್ಲ. ಅವಳು ಸೊಸೆಯ ಪಕ್ಕದಲ್ಲಿ ಕಿಟಕಿ ಹತ್ತಿರ ಕೂತಳು. ಜೀವಮಾನವೆಲ್ಲ ಹೊಸಪೇಟೆ ಕಡೆಗೇ ಮುಖ ಮಾಡಿ ಬಸ್ಸು ಹತ್ತಿದವಳು. ಊರು ದಾಟಿದ ಮೇಲೆ ಸುಧಾರಾಣಿ ಒಂದೊಂದೇ ಜಾಗ ತೋರಿಸುತ್ತ ಬಂದಳು. ಚೆನ್ನಬಸಮ್ಮ ಚಿಕ್ಕ ಹುಡುಗಿಯಂತೆ ಕತ್ತು ಚಾಚಿ ನೋಡಿದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹಳೆಯ ದಿನಗಳ ನೆನಪು ನಿಮಗೂ ಇರುತ್ತದೆ. ಇರಲಿ, ಅದು ಬೇಕು. ಆದರೆ ನಿಮ್ಮೂರಿನಲ್ಲಿ ರಸ್ತೆ, ಬಸ್ಸಿನ ಸಭೆ ಕರೆದ ದಿನ ಹೊರಡುವ ಮೊದಲು ಮನೆಯವರನ್ನು ಕೇಳಿಕೊಂಡು ಹೋಗಿ: ನೀನು ಈಗ ಎಲ್ಲಿಗೆ ಹೋಗುತ್ತೀಯ, ಯಾವ ಹೊತ್ತಿಗೆ ಬರುತ್ತೀಯ, ಎಲ್ಲಿ ಭಯವಾಗುತ್ತದೆ? ಅದನ್ನು ಎದ್ದು ನಿಂತು ಹೇಳಿ. ಬಸ್ಸು ಬಂದಮೇಲೂ ಸುಮ್ಮನಾಗಬೇಡಿ, ಸರಿಯಿಲ್ಲದಿದ್ದರೆ ಮತ್ತೆ ಹೋಗಿ ಹೇಳಿ. ನಾವು ಹೇಳದೆ ನಮ್ಮ ದಾರಿ ಯಾವ ನಕ್ಷೆಗೂ ಏರುವುದಿಲ್ಲ.