ಉಪ್ಪಿನ ಡಬ್ಬಿಗೆ ಪೆನ್ಸಿಲ್ ಗೆರೆ

ಹೆಂಡತಿ ನನಗೆ ಗೊತ್ತಾಗದಂತೆ ಅಡುಗೆಗೆ ಉಪ್ಪು ಹಾಕುತ್ತಿದ್ದಾಳೆ ಎಂಬ ಗುಮಾನಿ ಹುಟ್ಟಿದ್ದು ಒಂದು ಕೋಸಿನ ತುಂಡಿನಿಂದ. ಎರಡು ತಿಂಗಳಿಂದ ಹುಲ್ಲು ಜಗಿದಂತಿದ್ದ ಬೇಯಿಸಿದ ಕೋಸು ಆ ದಿನ ಇದ್ದಕ್ಕಿದ್ದಂತೆ ರುಚಿಯಾಗಿತ್ತು. ಅಗಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದೆ. ಅವಳು ತನ್ನ ತಟ್ಟೆಗೆ ಮೇಲಿಂದ ಉಪ್ಪು ಉದುರಿಸಿಕೊಳ್ಳುತ್ತಾ, "ಯಾಕ್ರೀ, ಕಲ್ಲು ಸಿಕ್ತಾ?" ಎಂದಳು. ಇಷ್ಟು ಸಲೀಸಾಗಿ ಮಾತಾಡುವವರನ್ನು ನಾನು ನಂಬುವುದಿಲ್ಲ.

ನಂಬದೇ ಇರುವುದು ನನ್ನ ಕಸುಬಿನೊಂದಿಗೇ ಬಂದದ್ದು. ಕಾಲುಚೀಲ ಹೆಣೆಯುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಮುಖ್ಯ ಅಡುಗೆಯವನು. ನಾನೂರು ಜನರ ಊಟ. ತರಕಾರಿ ಬುಟ್ಟಿಯ ತಳ ಕೆದಕದೆ ಒಳಗೆ ಬಿಟ್ಟವನಲ್ಲ. ಉಪ್ಪನ್ನು ನಾನು ಎಣಿಸಿ ಹಾಕುವುದೂ ಇಲ್ಲ. ಒಂದು ಹಿಡಿ ಹಾಕುತ್ತೇನೆ, ಸೌಟಿನಿಂದ ಅಂಗೈಗೆ ಹನಿಸಿಕೊಂಡು ನೆಕ್ಕುತ್ತೇನೆ, ನಾಲಿಗೆ ಸಾಕು ಎನ್ನುವವರೆಗೆ ಹಾಕುತ್ತಾ ಹೋಗುತ್ತೇನೆ. ಆ ಪಾತ್ರೆಯ ರುಚಿ ನೋಡುವ ಹಕ್ಕು ನನ್ನೊಬ್ಬನದೇ. ಕೆಲಸಗಾರರು ನನ್ನನ್ನು ತಕ್ಕಡಿ ಎಂದು ಕರೆಯುವುದು ಅದಕ್ಕೇ.

ರಕ್ತದೊತ್ತಡ ನೂರೆಪ್ಪತ್ತು ದಾಟಿದೆ ಎಂದು ಡಾಕ್ಟರು ಹೇಳಿದ ದಿನ ನಾನು ಅವರ ಯಂತ್ರವನ್ನೇ ಅನುಮಾನಿಸಿದೆ. ಇನ್ನೊಮ್ಮೆ ನೋಡಿ ಎಂದೆ. ಇನ್ನೊಮ್ಮೆ ನೋಡಿದಾಗ ಇನ್ನೂ ಎರಡು ಹೆಚ್ಚಿತ್ತು. ನರ್ಸಮ್ಮ ಪಕ್ಕದಲ್ಲಿ ನಿಂತು ಹೆಂಡತಿಗೆ ಏನೇನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ದೊಡ್ಡಣ್ಣ. ಅವನೂ ಅಡುಗೆಯವನೇ. ಹೋದ ವರ್ಷ ಒಲೆಯ ಮುಂದೆಯೇ ಕುಸಿದ. ಇವತ್ತಿಗೂ ಅವನ ಬಲಗೈ ಮೇಲೇಳುವುದಿಲ್ಲ, ಅತ್ತಿಗೆ ತುತ್ತು ಮಾಡಿ ತಿನ್ನಿಸುತ್ತಾಳೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮನೆಯ ಒಲೆಯ ಮೇಲಿನ ಪಾತ್ರೆಗೆ ಉಪ್ಪು ಬೀಳಕೂಡದು ಎಂದು ಅಂದೇ ಹೇಳಿಬಿಟ್ಟೆ.

ಹಾಗಿರುವಾಗ ಈ ಕೋಸು! ಕರುಣೆ ತೋರಿಸಲು ಹೋಗಿ ಇವಳು ನನ್ನನ್ನು ಅಣ್ಣನ ಪಕ್ಕ ಮಲಗಿಸುತ್ತಾಳೆ ಎಂದುಕೊಂಡೆ. ಮರುದಿನ ಉಪ್ಪಿನ ಪ್ಲಾಸ್ಟಿಕ್ ಡಬ್ಬಿಯ ಹೊರಗೆ, ಒಳಗಿನ ಉಪ್ಪಿನ ಮಟ್ಟಕ್ಕೆ, ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದೆ. ಮೂರು ದಿನಕ್ಕೆ ಉಪ್ಪು ಗೆರೆಯಿಂದ ಕೆಳಗಿಳಿದಿತ್ತು.

"ಉಪ್ಪು ಇಳಿದಿದೆಯಲ್ಲ?" ಎಂದೆ.

"ನಾನು ತಿಂತೀನಲ್ಲ ರೀ. ನನಗೇನು ಬಿಪಿ ಇದೆಯಾ?"

ಉತ್ತರ ರೆಡಿಯಾಗಿಯೇ ಇತ್ತು.

ಮನೆಯಲ್ಲಿ ಉಪ್ಪು ಹಾಕುವವರಿದ್ದರೆ ಕ್ಯಾಂಟೀನಿನಲ್ಲಿ ತೆಗೆಯುವವರಿದ್ದರು. ಕೆಲವು ವಾರಗಳಿಂದ ಜನ ಸೂಪನ್ನು ಅರ್ಧಕ್ಕೇ ಬಿಡತೊಡಗಿದ್ದರು. ಹೊಲಿಗೆ ವಿಭಾಗದ ಹೆಂಗಸರು ಸೆರಗಿನ ಮರೆಯಲ್ಲಿ ಪೊಟ್ಟಣ ಬಿಚ್ಚಿ ತಟ್ಟೆಗೆ ಏನೋ ಉದುರಿಸಿಕೊಳ್ಳುವುದನ್ನು ಕಣ್ಣಾರೆ ಕಂಡೆ. ನನ್ನ ಊಟಕ್ಕೆ ಉಪ್ಪು! ಪಿತ್ತ ನೆತ್ತಿಗೇರಿತು. ನನ್ನ ನಾಲಿಗೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಇದರ ಹಿಂದೆ ಯಾರೋ ಇದ್ದಾರೆ. ಯಾರು? ಎರಡನೇ ಅಡುಗೆಯವಳು. ಹನ್ನೊಂದು ವರ್ಷದಿಂದ ನನ್ನ ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿರುವವಳು, ಪಿಟ್ಟೆನ್ನದವಳು. ಅಷ್ಟು ಮೌನ ಯಾರಿಗೂ ಒಳ್ಳೆಯದಲ್ಲ. ನಾನು ಅತ್ತ ತಿರುಗಿದಾಗ ಪಾತ್ರೆಗೆ ನೀರು ಸುರಿಯುತ್ತಾಳೆಯೇ? ಜನರ ಕಿವಿ ಕಚ್ಚುತ್ತಿದ್ದಾಳೆಯೇ? ಒಂದು ವಾರ ಪಾತ್ರೆಗೆ ಬೆನ್ನು ಹಾಕದೆ ಕೆಲಸ ಮಾಡಿದೆ. ಕುತ್ತಿಗೆ ನೋವು ಬಂತೇ ಹೊರತು ಕಳ್ಳಿ ಸಿಗಲಿಲ್ಲ.

ಶನಿವಾರ ಮ್ಯಾನೇಜರ್ ಕರೆಸಿದರು. "ಸೋಮವಾರನೂ ಊಟ ವಾಪಸ್ ಬಂದ್ರೆ ಸೌಟು ಎರಡನೇ ಅಡುಗೆಯವರ ಕೈಗೆ ಕೊಟ್ಟು ನೀವು ಸ್ಟೋರ್ ನೋಡ್ಕೊಳ್ಳಿ" ಎಂದರು. ಬಾಗಿಲಾಚೆ ಎರಡನೇ ಅಡುಗೆಯವಳು ನೆಲ ಒರೆಸುತ್ತಿದ್ದಳು. ಕೇಳಿಸಿಕೊಂಡಳು, ತಲೆ ಎತ್ತಲಿಲ್ಲ. ನಾಟಕ ಎಂದುಕೊಂಡೆ.

ಒಂದು ಕಳ್ಳತನವನ್ನಾದರೂ ಹಿಡಿಯದಿದ್ದರೆ ನಾನು ತಕ್ಕಡಿಯಲ್ಲ. ಭಾನುವಾರ ಬೆಳಿಗ್ಗೆ ಉಪ್ಪಿನ ಡಬ್ಬಿಯನ್ನು ನನ್ನ ಬ್ಯಾಗಿನೊಳಗಿಟ್ಟು ಬೀಗ ಹಾಕಿದೆ. ಮಧ್ಯಾಹ್ನ ಹೆಂಡತಿ ಕುಂಬಳಕಾಯಿ, ಬೇಳೆ ಬಡಿಸಿದಳು. ಬಾಯಿಗಿಟ್ಟೆ. ಸೊಗಸಾಗಿತ್ತು!

"ಸಿಕ್ಕಿಬಿದ್ದೆ" ಎಂದೆ. "ಇನ್ನೊಂದು ಡಬ್ಬಿ ಎಲ್ಲಿಟ್ಟಿದ್ದೀಯ?"

ಅವಳು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದಳು. "ಓ, ಡಬ್ಬಿ ಬಚ್ಚಿಟ್ಟಿದ್ದು ನೀವಾ? ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ. ಥೂ, ಎಷ್ಟು ಸಪ್ಪೆ ಇದೆ ನೋಡಿ."

"ಸಪ್ಪೆನಾ?"

"ಇದಕ್ಕೆ ಒಂದು ಹರಳು ಉಪ್ಪು ಬಿದ್ದಿಲ್ಲ ರೀ. ನಿಮಗೆ ರುಚಿಯಾಗಿದೆಯಾ? ಹಾಗಿದ್ರೆ ನರ್ಸಮ್ಮ ಹೇಳಿದ್ದು ನಿಜ. ಎರಡು ತಿಂಗಳು ಉಪ್ಪು ಬಿಟ್ರೆ ನಾಲಿಗೆಗೆ ಅದೇ ಅಭ್ಯಾಸ ಆಗುತ್ತೆ, ಆಮೇಲೆ ಸ್ವಲ್ಪ ಉಪ್ಪೂ ಜಾಸ್ತಿ ಅನ್ಸುತ್ತೆ ಅಂದಿದ್ರು. ನೀವು ಆ ಯಂತ್ರದ ಜೊತೆ ಜಗಳಕ್ಕೆ ನಿಂತಿದ್ರಿ."

ಒಂದೇ ಪಾತ್ರೆಯ ಊಟ. ಅವಳ ಸಿಂಡರಿಸಿದ ಮುಖವನ್ನು ನಾನು ಬೇರೆಲ್ಲೋ ನೋಡಿದ್ದೆ. ಕ್ಯಾಂಟೀನಿನಲ್ಲಿ ಹೊಲಿಗೆ ವಿಭಾಗದವರ ಮೇಜುಗಳಲ್ಲಿ, ಕೆಲವು ವಾರಗಳಿಂದ, ಪ್ರತಿ ಮಧ್ಯಾಹ್ನ. ಕೈ ತೊಳೆದು ಎದ್ದುಹೋದೆ.

ಸೋಮವಾರ ಸೂಪು ಕುದಿಯುತ್ತಿತ್ತು. ನಾಲಿಗೆ ಸಾಕು ಎನ್ನುವವರೆಗೆ ಉಪ್ಪು ಹಾಕಿದೆ. ಆಮೇಲೆ ಎರಡನೇ ಅಡುಗೆಯವಳನ್ನು ಕರೆದೆ.

"ಬಾ, ಕೈ ಒಡ್ಡು. ರುಚಿ ನೋಡು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಏನಣ್ಣ ಇದು? ಊಟ ವಾಪಸ್ ಬಂದ್ರೆ ನನ್ನ ಮೇಲೆ ಹಾಕೋಕಾ?"

ಹನ್ನೊಂದು ವರ್ಷದಲ್ಲಿ ಅವಳು ನನ್ನಿಂದ ಕಲಿತದ್ದು ಇದನ್ನೇ ಎಂದು ನಾಚಿಕೆಯಾಯಿತು.

"ಇಲ್ಲ ತಾಯಿ. ನನ್ನ ನಾಲಿಗೆ ಕೆಟ್ಟಿದೆ. ನೀನು ಹೇಳು."

ಅವಳು ಅಂಗೈ ಒರೆಸಿಕೊಂಡು ಚಾಚಿದಳು. ನೆಕ್ಕಿದಳು. ನನ್ನನ್ನೇ ನೋಡುತ್ತಾ, "ಸಪ್ಪೆ ಅಣ್ಣ" ಎಂದಳು. "ತುಂಬ ದಿನದಿಂದ ಸಪ್ಪೆ. ನಿಮಗೆ ಹೇಳೋರು ಯಾರು?"

"ಹಾಕು."

ಒಂದು ಹಿಡಿ ಹಾಕಿ ನೋಡಿದಳು. ಎರಡು. ಮೂರನೆಯದು ಬಿದ್ದ ಮೇಲೆ ಸಾಕು ಎಂದು ತಲೆಯಾಡಿಸಿದಳು. ಜೀವಮಾನದಲ್ಲಿ ಮೊದಲ ಸಲ ಹಿಡಿ ಎಣಿಸಿದೆ. ಇಷ್ಟು ದಿನ ನಾನೂರು ಜನರ ಪಾತ್ರೆಯಿಂದ ದಿನಕ್ಕೆ ಮೂರು ಹಿಡಿ ಉಪ್ಪು ಕದ್ದವನು ನಾನೇ.

ಅಭ್ಯಾಸಬಲದಿಂದ ನಾನೂ ಒಂದು ಹನಿ ಅಂಗೈಗೆ ಹಾಕಿಕೊಂಡೆ. ಬಾಯಿ ಉರಿದುಹೋಯಿತು. ಸಿಂಕಿಗೆ ಓಡಿ ಉಗಿದೆ.

"ಜಾಸ್ತಿ ಆಯ್ತಾ ಅಣ್ಣ?" ಅವಳು ಹಿಂದೆಯೇ ಓಡಿಬಂದಳು.

ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ. ಅವಳ ನಾಲಿಗೆಯನ್ನು ನಂಬಬೇಕು, ಇಲ್ಲವೇ ಮತ್ತೆ ಉಪ್ಪು ತಿಂದು ನನ್ನದನ್ನು ವಾಪಸ್ ತಂದುಕೊಳ್ಳಬೇಕು. ಅಣ್ಣನ ಬಲಗೈ ನೆನಪಾಯಿತು.

"ಸರಿಯಾಗಿದೆ" ಎಂದೆ. "ಇನ್ನು ಮೇಲೆ ನೀನೇ ನೋಡು."

ಸೌಟನ್ನು ಅವಳ ಕೈಗಿತ್ತು ಬಡಿಸುವ ಕಿಟಕಿಯ ಹಿಂದೆ ನಿಂತೆ. ಹೊಲಿಗೆ ವಿಭಾಗದವರು ಬಂದರು, ಕೂತರು, ಪೊಟ್ಟಣ ಹೊರತೆಗೆದರು. ಒಂದು ಗುಟುಕು ಕುಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೊಟ್ಟಣ ಬಿಚ್ಚಲಿಲ್ಲ. "ತಕ್ಕಡಿ ಮತ್ತೆ ಸರಿಹೋಯ್ತು ಕಣ್ರೇ" ಎಂದು ಯಾರೋ ಕೂಗಿದರು. ಎರಡನೇ ಅಡುಗೆಯವಳು ನನ್ನತ್ತ ತಿರುಗಿದಳು.

"ನಾನಲ್ಲ, ಇವಳು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮೂಲೆಯ ಸ್ಟೂಲಿನ ಮೇಲೆ ಕೂತು ಮನೆಯಿಂದ ತಂದ ಊಟದ ಡಬ್ಬಿ ಬಿಚ್ಚಿದೆ. ಕೋಸು ರುಚಿಯಾಗಿತ್ತು. ಯಾರ ಮುಖವನ್ನೂ ನೋಡದೆ ತಿಂದೆ.