ಶಾರ್ಕಿನ ಪರವಾಗಿ ಎರಡು ಮಾತು

ಆ ಊರಿನಲ್ಲಿ ಇದ್ದದ್ದು ಒಂದೇ ನಿಯಮ: ಅವರವರ ಮಾತನ್ನು ಅವರವರೇ ಆಡಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಆಡಕೂಡದು. ಸಭಾಭವನದ ಬಾಗಿಲ ಮೇಲೆ ಅದನ್ನು ಕಲ್ಲಿನಲ್ಲಿ ಕೆತ್ತಿಸಿದ್ದರು. ಓದಲು ತಲೆ ಎತ್ತಬೇಕಿತ್ತು. ಒಳಗೆ ಬರುವವರೆಲ್ಲ ಮೆಟ್ಟಿಲು ಎಡವಬಾರದೆಂದು ತಲೆ ತಗ್ಗಿಸಿಯೇ ಬರುತ್ತಿದ್ದರು. ಆದ್ದರಿಂದ ನಿಯಮವನ್ನು ಯಾರೂ ಬೇಕೆಂದು ಮುರಿದರು ಎನ್ನುವಂತಿರಲಿಲ್ಲ.

ಮುರಿಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ವಾರಿಜಾ. ಅವಳು ಊರಿನ ಕಾರ್ಯಕ್ರಮ ನಿರೂಪಕಿ. ಆ ಊರಿಗೆ ಸನ್ಮಾನದ ಹುಚ್ಚು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಸನ್ಮಾನಿತರು ಎದ್ದು ಎರಡು ಮಾತು ಆಡಲೇಬೇಕು. ಅದಾಗದೆ ಯಾರೂ ಊಟಕ್ಕೆ ಏಳುವಂತಿಲ್ಲ. ಆಡಲಾರದವರ ಪರವಾಗಿ ವಾರಿಜಾ ಆಡುತ್ತಿದ್ದಳು. ರಸ್ತೆ ಅಗಲಿಸಲು ಕಡಿದ ಗೋಳಿಮರದ ಪರವಾಗಿ ಅವಳು ಧನ್ಯತೆ ವ್ಯಕ್ತಪಡಿಸಿದಾಗ ಕಡಿಸಿದ ಗುತ್ತಿಗೆದಾರರೇ ಕಣ್ಣೊರೆಸಿಕೊಂಡಿದ್ದರು. ಮತ್ಸ್ಯಾಲಯ ಕಟ್ಟಲೆಂದು ದಡದಿಂದ ಎಬ್ಬಿಸಿದ ಮೀನುಗಾರರಂತೂ ತಮ್ಮ ಸನ್ಮಾನಕ್ಕೆ ಖುದ್ದಾಗಿ ಬಂದಿದ್ದರು, ಅವರಿಗೆ ಬಾಯಿಯೂ ಇತ್ತು. ಸಮಯದ ಅಭಾವದಿಂದ ಅವರ ಸಂತೋಷವನ್ನೂ ಅವಳೇ ಹಂಚಿಕೊಂಡು ಮುಗಿಸಿದಳು.

ಪಕ್ಕದ ಊರಿನವರು ಹುಲಿ ಸಾಕಿದ್ದರು. ಅದಕ್ಕಿಂತ ಕಡಿಮೆಯದನ್ನು ಸಾಕುವುದು ಮತ್ಸ್ಯಾಲಯ ಸಮಿತಿಯ ಮರ್ಯಾದೆಗೆ ಹೊಂದುತ್ತಿರಲಿಲ್ಲ. ಹಾಗಾಗಿ ದೂರದ ತಣ್ಣನೆಯ ಕಡಲಿನಿಂದ ದೋಣಿಯಷ್ಟು ಉದ್ದದ ಶಾರ್ಕೊಂದನ್ನು ತರಿಸಿದರು. ಅದು ಈಜುತ್ತಿದ್ದರೆ ಮಾತ್ರ ಉಸಿರಾಡುವ ಜೀವಿ, ನಿಂತರೆ ಸತ್ತಂತೆ. ಅದಕ್ಕೆ ದುಂಡಗಿನ ಕೊಳ ಬೇಕೆಂದು ತಂದವರು ತಿಳಿಸಿದ್ದರು. ಆದರೆ ಬಾಗಿದ ಗಾಜಿನ ಮುಂದೆ ನಿಂತರೆ ಗ್ರೂಪ್ ಫೋಟೋದಲ್ಲಿ ಗಣ್ಯರ ಮುಖ ಸೊಟ್ಟಗೆ ಬರುತ್ತದೆ. ಸಮಿತಿ ಎರಡನ್ನೂ ತೂಗಿ ನೋಡಿ ಚೌಕದ ತೊಟ್ಟಿ ಕಟ್ಟಿಸಿತು. ನೀರು ತಣ್ಣಗಿರಲೆಂದು ಊರಿನ ಐಸ್ ಕಾರ್ಖಾನೆಯನ್ನೂ ಶಾಲೆಯ ಕರೆಂಟನ್ನೂ ತೊಟ್ಟಿಗೆ ಬಿಟ್ಟುಕೊಟ್ಟಿತು. ಮೀನುಗಾರರು ಹಿಡಿದು ತಂದ ಮೀನು ಬಿಸಿಲಿನಲ್ಲಿ ಕೊಳೆಯಿತು, ಶಾಲೆಯ ಫ್ಯಾನುಗಳು ನಿಂತವು. ಊರವರು ಬೀಸಣಿಗೆ ಹಿಡಿದು ಬಂದು, ಗಾಜಿಗೆ ಕೆನ್ನೆ ಒತ್ತಿ ತಂಪು ಮಾಡಿಕೊಂಡು ಹೋದರು.

ಶಾರ್ಕಿಗೆ ಇಲ್ಲಿ ಬೇಟೆಯ ತಾಪತ್ರಯವಿಲ್ಲ, ಅದು ಸುಖವಾಗಿದೆ ಎಂದರು ವರ್ತಕರು. ಮಕ್ಕಳನ್ನು ಕಂಡರೆ ಅದಕ್ಕೆ ಪ್ರೀತಿ ಎಂದರು ಮೇಷ್ಟ್ರು. ಅದು ಊಟ ಬಿಟ್ಟಾಗ ಊರಿನ ಸಂಗದಿಂದ ಸಾತ್ವಿಕವಾಗಿದೆ ಎಂದು ಭಜನಾ ಮಂಡಳಿಯವರು ಹೆಮ್ಮೆಪಟ್ಟರು. ಪಶುವೈದ್ಯರೊಬ್ಬರು ಮಾತ್ರ, ನಾಳೆ ಕಡಲು ಉಕ್ಕುವ ಭರತದಲ್ಲಿ ಅದನ್ನು ಆಳದ ಕಡಲಿಗೆ ಬಿಡದಿದ್ದರೆ ಇಲ್ಲೇ ಸಾಯುತ್ತದೆ ಎಂದರು. ಎಳೆದೊಯ್ಯಲು ನಾವು ಸಿದ್ಧ ಎಂದು ಮೀನುಗಾರರು ದೋಣಿಗಳನ್ನು ತಂದು ನಿಲ್ಲಿಸಿದರು.

ಸಮಿತಿಯ ಅಧ್ಯಕ್ಷರು ದುಡುಕುವವರಲ್ಲ. ಶಾರ್ಕಿನ ಅಭಿಪ್ರಾಯ ಕೇಳದೆ ಅದನ್ನು ಹೊರಗಟ್ಟುವುದು ಅನ್ಯಾಯವಾಗುತ್ತದೆ. ನಾಳೆ ಭರತಕ್ಕೆ ಮೊದಲು ಅದಕ್ಕೊಂದು ಸನ್ಮಾನ ಮಾಡೋಣ, ಅದು ಏನು ಹೇಳುತ್ತದೋ ಹಾಗೆಯೇ ನಡೆಯೋಣ ಎಂದು ತೀರ್ಪಿತ್ತರು. ಏನು ಹೇಳಬೇಕೆಂಬುದನ್ನು ವಾರಿಜಾಳಿಗೆ ಆಮೇಲೆ ತಿಳಿಸಿದರು.

ಯಾರ ಪರವಾಗಿ ಆಡಬೇಕೋ ಅವರ ಎದುರು ಸ್ವಲ್ಪ ಹೊತ್ತು ನಿಂತು ಬರುವುದು ವಾರಿಜಾಳ ಪದ್ಧತಿ. ಹಾಗೆಯೇ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟಳು. ಶಾರ್ಕ್ ನಾಲ್ಕು ಸಲ ಬಾಲ ಬೀಸುವಷ್ಟರಲ್ಲಿ ತೊಟ್ಟಿ ಮುಗಿಯುತ್ತಿತ್ತು. ಮೂತಿ ಗಾಜಿಗೆ ಬಡಿಯುತ್ತಿತ್ತು, ತಿರುಗುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಮೂತಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಪ್ರತಿ ಪೆಟ್ಟೂ ಅವಳ ಭುಜದವರೆಗೆ ಬಂತು. ಅಷ್ಟರಲ್ಲೇ ‘ಈ ಊರಿನ ಪ್ರೀತಿಗೆ ನಾನು ಚಿರಋಣಿ’ ಎಂಬ ವಾಕ್ಯ ತಾನಾಗಿ ಬಾಯಿಗೆ ಬಂತು. ಅದು ಅಷ್ಟು ಸಲೀಸಾಗಿ ಬಂದದ್ದನ್ನು ಕಂಡು ಅವಳು ಗಾಜಿನಿಂದ ಅಂಗೈ ತೆಗೆದಳು.

ಅಧ್ಯಕ್ಷರ ಬಳಿ ಹೋಗಿ, “ಅದು ಏನು ಹೇಳ್ತದೆ ಅಂತ ನಂಗೆ ಗೊತ್ತಾಗ್ಲಿಲ್ಲ ಅಧ್ಯಕ್ಷರೇ” ಎಂದಳು.

“ಗೋಳಿಮರ ಹೇಳಿದ್ದು ಗೊತ್ತಾಗಿತ್ತಾ?”

ಅವಳು ಹೊರಡಲು ತಿರುಗಿದಳು.

“ನೀನು ಆಡದಿದ್ರೆ ಇನ್ನೊಬ್ಬರು ಆಡ್ತಾರೆ. ಆಮೇಲೆ ಈ ಊರಲ್ಲಿ ನಿಂಗೆ ಕಾರ್ಯಕ್ರಮ ಇಲ್ಲ, ಅಷ್ಟೆ. ಬಾಯಿ ಎಲ್ರಿಗೂ ಉಂಟು.”

“ಅದಕ್ಕೂ ಉಂಟಲ್ಲ.”

“ಉಂಟು ಮಾರಾಯ್ತಿ. ಆ ಬಾಯಿ ನೋಡಿದ ಮೇಲೆ ಮಾತಾಡ್ಸೋ ಧೈರ್ಯ ನಂಗಿಲ್ಲ” ಎಂದು ಅಧ್ಯಕ್ಷರು ನಕ್ಕರು.

ಮರುದಿನ ತೊಟ್ಟಿಯ ಮುಂದೆ ಊರೇ ನೆರೆಯಿತು. ಶಾಲನ್ನು ಟೇಪು ಹಚ್ಚಿ ಗಾಜಿಗೆ ಹೊದೆಸಿದರು. ಪೇಟವನ್ನು ತೊಟ್ಟಿಯ ಅಂಚಿನ ಮೇಲಿಟ್ಟರು. ಹಣ್ಣಿನ ಬುಟ್ಟಿಯನ್ನು ನೀರಿಗೆ ಇಳಿಸಿದಾಗ ಮೋಸಂಬಿಗಳು ತೇಲಿ ಮೂಲೆ ಸೇರಿದವು. ಫೋಟೋ ಚೆನ್ನಾಗಿ ಬಂತು, ಯಾರ ಮುಖವೂ ಸೊಟ್ಟಗಾಗಲಿಲ್ಲ. ಅಧ್ಯಕ್ಷರು ಕಣ್ಸನ್ನೆ ಮಾಡಿದರು. ಇನ್ನು ಸನ್ಮಾನಿತರ ಎರಡು ಮಾತು.

ವಾರಿಜಾ ಮೈಕ್ ಹಿಡಿದು ನಿಂತಳು. ‘ನನ್ನನ್ನು ಬಿಟ್ಟುಬಿಡಿ’ ಎಂದುಬಿಡಲೇ ಎಂದು ಅವಳಿಗೆ ಅನ್ನಿಸದೇ ಇರಲಿಲ್ಲ. ಆದರೆ ಹಾಗೆಂದ ಮರುಕ್ಷಣವೇ ಇಡೀ ಊರಿಗೆ ಬಾಗಿಲ ಮೇಲಿನ ನಿಯಮ ನೆನಪಾಗುತ್ತಿತ್ತು. ಅದು ವಾರಿಜಾಳ ಸ್ವಂತ ಮಾತು, ಶಾರ್ಕಿನದಲ್ಲ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳುತ್ತಿದ್ದರು. ಚಿರಋಣಿ ಎಂದರೆ ಮಾತ್ರ ಯಾರಿಗೂ ಏನೂ ನೆನಪಾಗುತ್ತಿರಲಿಲ್ಲ.

ಅವಳು ತೊಟ್ಟಿಯ ಬಳಿ ನಡೆದು, ಶಾಲನ್ನು ಸರಿಸಿ, ಮೈಕನ್ನು ಗಾಜಿಗೆ ಒತ್ತಿ ಹಿಡಿದಳು.

ಧ್ವನಿವರ್ಧಕಗಳಲ್ಲಿ ಧಪ್ ಎಂದು ಕೇಳಿಸಿತು. ಸ್ವಲ್ಪ ಬಿಡುವು. ಮತ್ತೆ ಧಪ್. ಸಭೆ ಉಸಿರು ಬಿಗಿಹಿಡಿಯಿತು. ಆ ಮೌನ ತಮ್ಮ ವಿರುದ್ಧ ಬೆಳೆಯುವ ಮುನ್ನವೇ ಅಧ್ಯಕ್ಷರು ಎದ್ದು, “ಕೇಳಿದ್ರಲ್ಲ, ಒಪ್ಪಿಗೆ ಅಂತ ತಟ್ತಾ ಉಂಟು” ಎಂದು ಆ ಸದ್ದಿನ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು. ವರ್ತಕರು ತಟ್ಟಿದರು, ಮೇಷ್ಟ್ರು ತಟ್ಟಿದರು, ಭಜನಾ ಮಂಡಳಿಯವರಂತೂ ತಾಳ ತಪ್ಪದಂತೆ ತಟ್ಟಿದರು. ಮೀನುಗಾರರು ಮಾತ್ರ ತಟ್ಟದೆ, ಶಾರ್ಕನ್ನು ಎಳೆದೊಯ್ಯುವ ಹಗ್ಗ ತರಲು ಒಬ್ಬೊಬ್ಬರಾಗಿ ಎದ್ದು ದೋಣಿಗಳ ಕಡೆ ಓಡಿದರು. ಹೊರಗೆ ಭರತ ಏರುತ್ತಿತ್ತು.

ಎರಡು ಪೆಟ್ಟುಗಳ ನಡುವಿನ ಬಿಡುವು ಉದ್ದವಾಯಿತು, ಇನ್ನೂ ಉದ್ದವಾಯಿತು. ಆಮೇಲೆ ಸದ್ದು ಬರಲಿಲ್ಲ. ಅಷ್ಟು ಹೊತ್ತಿಗೆ ಚಪ್ಪಾಳೆಗೆ ತನ್ನದೇ ತಾಳ ಸಿಕ್ಕಿತ್ತು, ಅದು ನಿಲ್ಲಲಿಲ್ಲ.

ಅಧ್ಯಕ್ಷರು ವಂದನಾರ್ಪಣೆಗೆಂದು ಮೈಕಿಗೆ ಕೈ ಚಾಚಿದರು. ವಾರಿಜಾ ಕೊಡಲಿಲ್ಲ. ಏನೂ ಕೇಳಿಸದ ಗಾಜಿಗೆ ಅದನ್ನು ಎರಡೂ ಕೈಗಳಿಂದ ಒತ್ತಿ ಹಿಡಿದೇ ನಿಂತಳು.