ಪಿಸುಮಾತಿನ ಮನೆಯಲ್ಲಿ ನಿಂತ ಪಂಪು

ನಮ್ಮ ಮನೆಯಲ್ಲಿ ಜಗಳವನ್ನೂ ಪಿಸುಮಾತಿನಲ್ಲೇ ಆಡಬೇಕು. ಬಾಗಿಲನ್ನು ದಢಾರನೆ ಹಾಕಿಕೊಂಡು ಹೊರಟುಹೋಗುವ ಸುಖ ನನಗೆ ಈ ಮನೆಯಲ್ಲಿ ಒಂದು ದಿನವೂ ಸಿಕ್ಕಿಲ್ಲ. ಚೌಕಟ್ಟಿನ ಉದ್ದಕ್ಕೂ ಅಕ್ಕ ಹಳೆ ಕಂಬಳಿಯ ಪಟ್ಟಿ ಹೊಡೆದಿದ್ದಾಳೆ. ಕುರ್ಚಿಯ ಕಾಲುಗಳಿಗೆ ಕಾಲುಚೀಲ ತೊಡಿಸಿದ್ದಾಳೆ. ಅಡುಗೆಮನೆಯ ನಲ್ಲಿಯ ಬಾಯಿಗೆ ಉದ್ದನೆಯ ಬಟ್ಟೆ ಕಟ್ಟಿದ್ದಾಳೆ, ಹನಿ ತೊಟ್ ಎನ್ನದೆ ಬಟ್ಟೆಗುಂಟ ಜಾರಿಹೋಗಲಿ ಎಂದು. ಕರೆಗಂಟೆಯ ತಂತಿ ಕಿತ್ತು ಯಾವ ಕಾಲವಾಯಿತೋ. ನಮ್ಮ ಮನೆಗೆ ಬಂದವರು ಕದ ಗೀರಬೇಕು, ಬೆಕ್ಕಿನ ಹಾಗೆ.

ಇದೆಲ್ಲ ಭಾವನ ನಿದ್ದೆಗಾಗಿ. ಭಾವ ಸರಕಿನ ಅಂಗಳದಲ್ಲಿ ರಾತ್ರಿ ಪಾಳಿಯ ಕ್ರೇನ್ ನಡೆಸುತ್ತಾರೆ. ಮೋಡಕ್ಕೆ ತಲೆ ತಾಗುವಂಥ ಎತ್ತರದಲ್ಲಿ ಒಂದು ಗಾಜಿನ ಗೂಡು, ಅದರೊಳಗೆ ಅವರು. ಅಂಗಳದವರು ಅವರನ್ನು ಗಿಡುಗ ಎನ್ನುತ್ತಾರೆ. ಬೆಳಗ್ಗೆ ಗಿಡುಗ ಕೆಳಗಿಳಿದು ಬಂದು ನಮ್ಮ ಹಿಂದಿನ ಕೋಣೆಯಲ್ಲಿ ಮಲಗುತ್ತದೆ. ಕಿಟಕಿಗೆ ದಪ್ಪ ಬಟ್ಟೆ ಇಳಿಬಿಟ್ಟು ಅಕ್ಕ ಅಲ್ಲಿ ಹಗಲಿಗೆ ರಾತ್ರಿಯ ವೇಷ ಹಾಕಿಟ್ಟಿರುತ್ತಾಳೆ. ಅದೇ ಕೋಣೆಯ ಮೂಲೆಯಲ್ಲಿ ನನ್ನ ಕಂಪ್ಯೂಟರ್. ಮನೆಯಲ್ಲಿ ತಂಪಾದ ಜಾಗ ಅದೊಂದೇ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆಗೆ ಬೆನ್ನು ತೋರಿಸಿದವನು. ಅದಕ್ಕೇ ಭಾವ ನನ್ನನ್ನು ಮೇಷ್ಟ್ರೇ ಎಂದು ಕರೆಯುವುದು. ಕರೆದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಉರಿದದ್ದನ್ನು ಪಿಸುಗುಟ್ಟಿ ಹೇಳಬೇಕಾಗುವುದರಿಂದ ಇನ್ನೂ ಉರಿಯುತ್ತದೆ. ಆದರೆ ಕೆಲಸ ನನಗೆ ಗೊತ್ತು. ಇನ್ನೂ ಕಟ್ಟದ ಮನೆಗಳ ಒಳಗೆ ಬಿಸಿಲು ಬೀಳಿಸುವುದು ನನ್ನ ಕೆಲಸ. ಮನೆ ಕಟ್ಟಿಸುವವರು ಬರೀ ಗೆರೆಗಳನ್ನು ಕಳಿಸುತ್ತಾರೆ. ನಾನು ಅದಕ್ಕೆ ಗೋಡೆ, ಮೆಟ್ಟಿಲು, ಕಿಟಕಿ, ಕಿಟಕಿಯಿಂದ ನೆಲಕ್ಕೆ ಬಿದ್ದ ಸಂಜೆಯನ್ನು ಕೊಡುತ್ತೇನೆ. ಒಂದೊಂದು ಚಿತ್ರ ಹೊರಬರಲು ಕಂಪ್ಯೂಟರ್ ಗಂಟೆಗಟ್ಟಲೆ ಕುದಿಯುತ್ತದೆ. ಫ್ಯಾನಿನ ಗಾಳಿ ಅದಕ್ಕೆ ಸಾಲದು. ಹಾಗಾಗಿ ನಾನೇ ಬಿಡಿಭಾಗ ಜೋಡಿಸಿ ನೀರಿನ ಸುತ್ತು ಕಟ್ಟಿದೆ. ಗಾಜಿನ ಕೊಳವೆಯಲ್ಲಿ ತಿಳಿಹಸಿರು ನೀರು. ಅದರ ಬುಡದಲ್ಲಿ ಮುಷ್ಟಿಗಾತ್ರದ ಪಂಪು. ಪಂಪು ನೀರನ್ನು ತಳ್ಳುತ್ತದೆ, ನೀರು ಕಂಪ್ಯೂಟರಿನ ಬಿಸಿಯಾದ ಚಿಪ್‌ಗಳ ಬೆನ್ನು ಸವರಿ ಕಾವು ಹೊತ್ತುಕೊಂಡು ರೇಡಿಯೇಟರಿಗೆ ಹೋಗಿ, ಅಲ್ಲಿ ಅದನ್ನು ಇಳಿಸಿ, ಮತ್ತೆ ಕೊಳವೆಗೆ ಬರುತ್ತದೆ. ಅಷ್ಟೇ. ಊರಿಗೆ ಹೋಗಿ ಬಂದ ಹಾಗೆ.

ಪಂಪು ಸದ್ದು ಮಾಡುತ್ತಿತ್ತು, ನಿಜ. ಗುಂಯ್ ಎಂದು, ನಡುನಡುವೆ ಗೊಳಗೊಳ ಎಂದು.

"ಅದರ ಬಾಯಿ ಮುಚ್ಚಿಸೋ," ಎಂದು ಅಕ್ಕ ದಿನವೂ ಪಿಸುಗುಟ್ಟುತ್ತಿದ್ದಳು. "ಅವರು ಹೊರಳಾಡ್ತಿದಾರೆ."

ನಾನು ವೇಗ ಒಂಚೂರು ತಗ್ಗಿಸಿದೆ. ಭಾವ ಮತ್ತೂ ಹೊರಳಾಡಿದರು. ಇನ್ನೊಂಚೂರು ತಗ್ಗಿಸಿದೆ. ಅಕ್ಕ ಎಲ್ಲಿಂದಲೋ ಸ್ಪಂಜು ತಂದು ಪಂಪಿನ ಸುತ್ತ, ಹಸುಗೂಸಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿದಳು. ಮತ್ತೂ ತಗ್ಗಿಸಿದೆ. ಕೊನೆಗೆ ಅದು ಕಿವಿ ಹಚ್ಚಿದರೂ ಕೇಳಿಸದಷ್ಟು ಮೆಲ್ಲಗಾಯಿತು. ಹೀಗೇ ನಡೆದು ಕಳೆದ ವಾರ ಒಂದು ಬೆಳಗ್ಗೆ ಕಂಪ್ಯೂಟರ್ ಹಚ್ಚಿದರೆ, ನೋಡನೋಡುತ್ತಲೇ ಕಾವು ಏರಿ, ಪರದೆ ಕಪ್ಪಾಗಿ ಆರಿಹೋಯಿತು. ಕೊಳವೆಯ ನೀರು ನಿಂತಿತ್ತು. ಚಿತ್ರದಲ್ಲಿ ಬರೆದ ನೀರಿನ ಹಾಗೆ.

ಅದೇ ವಾರ ಭಾವ ಮೇಲೆ ಗೂಡಿನಲ್ಲಿ ತೂಕಡಿಸಿದರು. ರೆಪ್ಪೆ ಕೂಡಿ ಬಿಡಿಸುವುದರೊಳಗೆ ಕಬ್ಬಿಣದ ಪೆಟ್ಟಿಗೆ ಕೆಳಗಿಳಿದುಬಿಟ್ಟಿತ್ತು. ಅದು ಇಳಿದ ಜಾಗದಲ್ಲಿ ಆಗಷ್ಟೇ ಒಬ್ಬ ನಿಂತಿದ್ದು ಬೀಡಿಗೆ ಬೆಂಕಿ ಕೇಳಲು ಪಕ್ಕಕ್ಕೆ ಹೋಗಿದ್ದನಂತೆ. ಯಾರಿಗೂ ಏನೂ ಆಗಲಿಲ್ಲ. ಭಾವನಿಗೆ ಆಯಿತು. ಅವತ್ತಿನಿಂದ ಅವರು ಊಟದ ನಡುವೆ ಕೈ ನಿಲ್ಲಿಸಿ ತಟ್ಟೆ ನೋಡುತ್ತಾ ಕೂತಿರುತ್ತಿದ್ದರು.

ಇವತ್ತು ಬೆಳಗ್ಗೆ ಕೆಲಸದಿಂದ ಬಂದವರು ಕ್ರೇನಿನ ಕೀಲಿಯನ್ನು ಮೇಜಿನ ಮೇಲಿಟ್ಟರು. ಸದ್ದಾಗಬಾರದೆಂದು ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಳ್ಳುವುದು ಅವರ ರೂಢಿ.

"ಇವತ್ತೂ ನಿದ್ದೆ ಬರದಿದ್ರೆ," ಎಂದರು ಅಕ್ಕನಿಗೆ, "ಸಂಜೆ ಕೀಲಿ ವಾಪಸ್ ಕೊಟ್ಟುಬಿಡ್ತೀನಿ. ಕೆಳಗೆ ಮನುಷ್ಯರಿರ್ತಾರೆ ಕಣೇ."

"ಕೊಟ್ಟು?"

"ಕೆಳಗೆ ಕೊಕ್ಕೆ ಸಿಕ್ಕಿಸೋದು. ಅದೂ ಕೆಲಸಾನೇ."

ಅಕ್ಕ ಕಿಟಕಿಯ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಹೊದಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಉಸಿರಿನಲ್ಲೇ, "ನೀನು ಆ ಕೋಣೆಗೆ ಕಾಲಿಡ್ಬೇಡ," ಎಂದಳು.

"ನನ್ನ ಪಂಪು ಸತ್ತಿದೆ."

"ಇನ್ನೊಂದು ದಿನ ಸತ್ತಿರ್ಲಿ."

"ನಾಳೆಗೆ ಚಿತ್ರ ಕೊಡ್ಬೇಕು. ಕೊಡದಿದ್ರೆ ಆ ಮನೆ ಬೇರೆಯವನ ಪಾಲು." ಪಿಸುಮಾತಿನಲ್ಲಿ ಕಿರುಚುವುದು ಹೇಗೆಂದು ನನ್ನನ್ನು ಕೇಳಿ, ಕಲಿಸಿಕೊಡುತ್ತೇನೆ.

ಒಳಗಿನಿಂದ ಭಾವ, "ಬಿಡೇ ಅವನನ್ನ. ಮೇಷ್ಟ್ರು ಪಾಠ ಮಾಡಿದ್ರಾದ್ರೂ ನಿದ್ದೆ ಬರತ್ತೋ ನೋಡೋಣ," ಎಂದರು.

ಒಳಗೆ ಹೋದೆ. ಬಟ್ಟೆಯ ಅಂಚಿನಿಂದ ನುಸುಳಿದ ಒಂದು ಎಳೆ ಬಿಸಿಲು ನೆಲ ದಾಟಿ, ಗಾಜಿನ ಕೊಳವೆ ದಾಟಿ ಗೋಡೆಗೆ ಬಿದ್ದಿತ್ತು. ಗೋಡೆಯ ಮೇಲೆ ಒಂದು ಹಸಿರು ಮಚ್ಚೆ. ನೀರು ಓಡುತ್ತಿದ್ದಾಗ ಆ ಮಚ್ಚೆ ಅಲುಗುತ್ತಿತ್ತು, ಎಲೆಯ ನೆರಳಿನ ಹಾಗೆ. ಈಗ ಗೋಡೆಗೆ ಅಂಟಿಕೊಂಡಿತ್ತು. ಭಾವ ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದರು.

ನಾನು ನೆಲದ ಮೇಲೆ ಕೂತು ಕಂಪ್ಯೂಟರಿನ ಡಬ್ಬದ ಪಕ್ಕದ ಗಾಜು ಬಿಚ್ಚಿದೆ. ಈ ಪಂಪಿನ ಬಗ್ಗೆ ಕೇಳಿದವರೆಲ್ಲ ಒಂದೇ ಮಾತು ಹೇಳಿದ್ದರು: ಸುಟ್ಟಿದೆ, ಬಿಸಾಡು, ಹೊಸದು ತಗೋ. ಮುಟ್ಟದೆ ಹೇಳುತ್ತಾರೆ. ನನ್ನನ್ನೂ ಶಾಲೆಯಲ್ಲಿ ಮುಟ್ಟದೆಯೇ ಹೇಳಿದ್ದರು, ಇದು ಕೆಟ್ಟಿದೆ ಎಂದು.

ಮೊದಲು ವಿದ್ಯುತ್ತು. ಕಂಪ್ಯೂಟರನ್ನು ಎಬ್ಬಿಸದೆ ಪಂಪಿಗೆ ಮಾತ್ರ ಕರೆಂಟು ಕೊಡುವ ಉಪಾಯವಿದೆ. ಉಳಿದೆಲ್ಲ ತಂತಿ ಕಳಚಿ, ವಿದ್ಯುತ್ ಡಬ್ಬದ ದೊಡ್ಡ ಪ್ಲಗ್ಗಿನ ಎರಡು ತೂತಿಗೆ ಅಕ್ಕನ ತಲೆಯ ಪಿನ್ನು ಬಗ್ಗಿಸಿ ಸಿಕ್ಕಿಸಿದೆ. ಅದಕ್ಕೆ ಕಂಪ್ಯೂಟರ್ ಎದ್ದಿದೆ ಎಂಬ ಭ್ರಮೆ. ಗುಂಡಿ ಒತ್ತಿದೆ. ಅದರ ಫ್ಯಾನು ತಿರುಗಿತು. ಅಂದರೆ ಕರೆಂಟಿದೆ. ಪಂಪು ಮಾತ್ರ ಮೌನ.

"ಏನಂತೆ?" ಎಂದರು ಭಾವ.

"ಅನ್ನ ಇದೆ, ತಿನ್ನಲ್ಲ ಅಂತಿದೆ."

"ನನ್ನ ಹಾಗೆ."

ಪಂಪಿಗೆ ಎರಡು ತಂತಿ. ದಪ್ಪನೆಯದು ಕರೆಂಟು ತರುತ್ತದೆ. ತೆಳ್ಳನೆಯದು ಎಷ್ಟು ವೇಗ ಎಂದು ಅಪ್ಪಣೆ ತರುತ್ತದೆ. ನಾನು ವೇಗ ತಗ್ಗಿಸುತ್ತಿದ್ದುದು ಅದರಿಂದಲೇ. ಅದನ್ನು ಕಿತ್ತೆ. ಅಪ್ಪಣೆ ಇಲ್ಲದ ಪಂಪು ಮೈಯಲ್ಲಿದ್ದಷ್ಟು ಶಕ್ತಿಯಿಂದ ಓಡಬೇಕು. ಸ್ಪಂಜು ಬಿಚ್ಚಿ ಬೆರಳಿಟ್ಟು ಮತ್ತೆ ಗುಂಡಿ ಒತ್ತಿದೆ. ಬೆರಳಿನ ಕೆಳಗೆ ಒಂದು ನಡುಕ ಬಂದು ನಿಂತಿತು. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೂ ಹಿಡಿಯನ್ನು ಕಿವಿಗೂ ಒತ್ತಿ ಕೇಳಿದೆ. ಟಿಕ್. ತಡೆದು ಮತ್ತೆ, ಟಿಕ್. ಹೊರಳಲು ನೋಡಿ ಆಗದವರ ಸದ್ದು.

"ಸತ್ತಿಲ್ಲ," ಎಂದೆ. "ಸಿಕ್ಕಿಕೊಂಡಿದೆ."

ಬಕೆಟ್ಟು ತಂದು, ಕೆಳಗಿನ ಕೊಳವೆ ಬಿಚ್ಚಿ, ಸದ್ದಾಗದಂತೆ ಅಂಚಿಗೆ ಒರಗಿಸಿ ನೀರು ಇಳಿಸಿದೆ. ಗೋಡೆಯ ಹಸಿರು ಮಚ್ಚೆ ಮೆಲ್ಲಗೆ ಬತ್ತುತ್ತ ಹೋಯಿತು. ಭಾವ ಅದು ಪೂರ್ತಿ ಹೋಗುವವರೆಗೂ ನೋಡಿ, ಮಾತಾಡತೊಡಗಿದರು. ನಿದ್ದೆಗೆಟ್ಟವರ ಮಾತು, ಅರ್ಧ ನನಗೆ, ಅರ್ಧ ಮೇಲಿನ ಮಾಡಿಗೆ.

"ಅಲ್ಲಿ ಮೇಲೆ ಎಷ್ಟು ಗಲಾಟೆ ಗೊತ್ತಾ. ಮೋಟರು ಒಂದು ಕಡೆ ಗುಂಯ್ ಅಂತಿರತ್ತೆ. ಗಾಳಿ ತಂತಿಗೆ ತಾಗಿ ಊಳಿಡತ್ತೆ. ಗೂಡು ತೂಗತ್ತೆ, ತೊಟ್ಟಿಲ ಹಾಗೆ. ಅಲ್ಲಿ ಬೇಡ ಅಂದ್ರೂ ಕಣ್ಣು ಎಳೆಯತ್ತೆ. ಇಲ್ಲಿ ನಿಮ್ಮಕ್ಕ ಹತ್ತಿಯಲ್ಲಿ ಸುತ್ತಿಟ್ಟಿದಾಳೆ, ಬರಲ್ಲ. ನನ್ನ ಎದೆ ಹೊಡ್ಕೊಳೋದೇ ನನಗೆ ಕೇಳತ್ತೆ. ಅದನ್ನೇ ಎಣಿಸ್ತಾ ಬಿದ್ದಿರ್ತೀನಿ."

"ಹೇಳ್ಬಾರ್ದಾ ಅಕ್ಕನಿಗೆ?"

"ಏನಂತ ಹೇಳ್ಲಿ? ನಲ್ಲಿಗೆ ಬಟ್ಟೆ ಕಟ್ಟಿದ ಕೈಗೆ ಏನಂತ ಹೇಳ್ಲಿ ಮೇಷ್ಟ್ರೇ?"

ನಾನು ತಲೆ ಎತ್ತಲಿಲ್ಲ. ಅವರು ಹೇಳಿದ್ದು ಕಿವಿಗೆ ಬಿತ್ತು, ಕೆಳಗಿಳಿಯಲಿಲ್ಲ. ನನ್ನ ಗಮನವೆಲ್ಲ ತಿರುಪುಗಳ ಮೇಲಿತ್ತು. ತಿರುಪು ಬಿಚ್ಚಿ ಪಂಪಿನ ಮುಚ್ಚಳ ತೆಗೆದೆ. ಒಳಗೆ ನೀರು ತಳ್ಳುವ ಪುಟ್ಟ ರೆಕ್ಕೆಗಾಲಿ, ಅದರ ಮೈತುಂಬ ಬಿಳಿ ಲೋಳೆ. ರಬ್ಬರ್ ಕೊಳವೆಗಳು ಕಾಲಕ್ರಮೇಣ ಬಿಡುವ ಜಿಡ್ಡು ಅದು. ನೀರು ಜೋರಾಗಿ ಓಡುತ್ತಿದ್ದರೆ ಒಂದೇ ಕಡೆ ಹೀಗೆ ಕೂರುತ್ತಿರಲಿಲ್ಲ. ಹರಿಯುವ ನೀರಿಗೆ ಪಾಚಿ ಕಟ್ಟುವುದಿಲ್ಲ ಎಂದು ಯಾವ ಶಾಲೆಗೂ ಹೋಗದವರಿಗೂ ಗೊತ್ತು. ನಾನು ತಗ್ಗಿಸಿ ತಗ್ಗಿಸಿ ಅದನ್ನು ನಿಂತ ಕೊಳ ಮಾಡಿದ್ದೆ. ಜಿಡ್ಡು ಕೂತಿತು, ಮೇಲೆ ಅಪ್ಪಣೆಯೂ ಸಣ್ಣದು. ಆರಿಸಿದ ಮೇಲೆ ಮತ್ತೆ ಹೊರಡುವ ತ್ರಾಣ ಅದಕ್ಕೆ ಉಳಿಯಲಿಲ್ಲ.

ಹಳೆ ಹಲ್ಲುಜ್ಜುವ ಬ್ರಷ್ಷು, ಬೆಚ್ಚಗಿನ ನೀರು. ರೆಕ್ಕೆಯ ಸಂದುಸಂದನ್ನೂ ಉಜ್ಜಿದೆ. ಪಂಪಿನೊಳಗಿನ ಸಣ್ಣ ಗುಂಡಿನ ಮೇಲೆ ಕೂರಿಸಿ ಊದಿದೆ. ಉಸಿರಿಗೇ ತಿರುಗಿತು. ಇನ್ನೊಮ್ಮೆ ಊದಿದೆ, ಬೇಕಿರಲಿಲ್ಲ, ಸುಮ್ಮನೆ. ಕತ್ತಲ ಕೋಣೆ, ಅಂಗೈಯಲ್ಲಿ ಒಂದು ಹೂವಿನಷ್ಟು ಗಾಲಿ. ಯಾವುದೋ ಇನ್ನೂ ಕಟ್ಟದ ಮನೆಯೊಳಗೆ ಕೂತಿದ್ದೇನೆ ಅನಿಸಿತು. ರಬ್ಬರ್ ಬಳೆ ಕೂರಿಸಿ, ಮುಚ್ಚಳ ಬಿಗಿದು, ಕೊಳವೆಗಳನ್ನು ಸಿಕ್ಕಿಸಿ, ಹೊಸ ನೀರು ತುಂಬಿದೆ. ಗೋಡೆಯ ಮೇಲೆ ಮಚ್ಚೆ ಮತ್ತೆ ಬಂತು, ಈ ಸಲ ಬಣ್ಣವಿಲ್ಲದೆ.

ಇನ್ನು ಉಳಿದದ್ದು ಗಾಳಿ. ಹೊಸ ನೀರು ತುಂಬಿದಾಗ ಸುತ್ತಿನ ಮೂಲೆಮೂಲೆಯಲ್ಲಿ ಗಾಳಿ ಅವಿತು ಕೂರುತ್ತದೆ. ಪಂಪು ಓಡುತ್ತಿರುವಾಗ ಡಬ್ಬವನ್ನು ಅತ್ತಿತ್ತ ವಾಲಿಸಿ ಅದನ್ನು ಹೊರಗೆ ಕರೆಯಬೇಕು. ಒಬ್ಬನ ಕೈಲಾಗುವ ಕೆಲಸವಲ್ಲ. ಬಾಗಿಲಿಗೆ ಬಂದು ಅಕ್ಕನನ್ನು ಕರೆದೆ.

"ಸದ್ದಾಗತ್ತಾ?" ಎಂದಳು.

"ಆಗತ್ತೆ. ಸ್ವಲ್ಪ ಹೊತ್ತು."

"ಅವರಿಗೆ ಹೇಗೂ ನಿದ್ದೆ ಇಲ್ಲ," ಎಂದು ಸೆರಗು ಸಿಕ್ಕಿಸಿಕೊಂಡು ಬಂದಳು. ಕಣ್ಣು ಕೆಂಪಾಗಿತ್ತು. ಹಗಲೆಲ್ಲ ಅವಳೂ ಮಲಗಿರುವುದಿಲ್ಲ, ಸದ್ದುಗಳನ್ನು ಕಾಯುತ್ತಿರುತ್ತಾಳೆ.

ಆ ಕಡೆ ಅವಳು ಹಿಡಿದಳು, ಈ ಕಡೆ ನಾನು. ಕಾಲಿನ ಹೆಬ್ಬೆರಳಿನಿಂದ ಗುಂಡಿ ಒತ್ತಿದೆ. ಪಂಪು ಒಮ್ಮೆ ಬಿಕ್ಕಿ ಹೊರಟಿತು. ಅಪ್ಪಣೆಯ ತಂತಿ ಇನ್ನೂ ಕಳಚಿಯೇ ಇತ್ತು, ಸ್ಪಂಜು ನೆಲದ ಮೇಲಿತ್ತು. ಇಷ್ಟು ದಿನ ಬಾಯಿಗೆ ಬಟ್ಟೆ ತುರುಕಿಸಿಕೊಂಡಿದ್ದದ್ದು ಈಗ ಬಾಯಿ ಬಿಟ್ಟಿತು. ಗುಂಯ್ ಎಂಬುದು ನೆಲಕ್ಕಿಳಿದು ಮಂಚದ ಕಾಲಿಗೆ ಹತ್ತಿತು. ಕೊಳವೆಯಲ್ಲಿ ಗುಳ್ಳೆಗಳು ಗೊಳಗೊಳ ಎಂದು ಮೇಲೇರಿದವು.

"ವಾಲಿಸು," ಎಂದೆ. ನನ್ನ ಕಡೆ ವಾಲಿತು. "ಈಗ ನಿನ್ನ ಕಡೆ." ಅವಳ ಕಡೆ ವಾಲಿತು. ಹೀಗೆ ಅಕ್ಕ ತಮ್ಮ ಎದುರುಬದುರು ಮಂಡಿಯೂರಿ ಆ ಭಾರದ ಡಬ್ಬವನ್ನು ತೂಗಿದೆವು. ಗೋಡೆಯ ಬೆಳಕಿನ ಮಚ್ಚೆ ಒಡೆದು ನೂರಾಗಿ ಕೋಣೆಯ ತುಂಬ ಈಜಿತು. ಅಕ್ಕನ ಹಣೆಯ ಮೇಲೆ, ಮಾಡಿನ ಮೇಲೆ, ನೇತುಹಾಕಿದ ಭಾವನ ಅಂಗಿಯ ಮೇಲೆ. ಅಕ್ಕನ ಮುಖ ಸಡಿಲವಾಯಿತು. ಚಿಕ್ಕವಳಿದ್ದಾಗ ನನ್ನನ್ನು ತೂಗುತ್ತಿದ್ದಾಗಲೂ ಹೀಗೇ ಇದ್ದಳೇನೋ. ಎಷ್ಟು ಹೊತ್ತು ತೂಗಿದೆವೋ, ಗುಳ್ಳೆಗಳು ಸಣ್ಣದಾಗಿ, ಸಾಸಿವೆಯಷ್ಟಾಗಿ, ನಿಂತವು. ಗುಂಯ್ ಮಾತ್ರ ಉಳಿಯಿತು.

ಅಕ್ಕ ಡಬ್ಬ ಇಳಿಸಿ ತಿರುಗಿದಳು. ನನ್ನ ತೋಳು ಹಿಡಿದಳು.

ಭಾವನ ಬಾಯಿ ತೆರೆದಿತ್ತು. ಒಂದು ಕೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಎದೆ ಏರಿಳಿಯುತ್ತಿತ್ತು, ಅವಸರವಿಲ್ಲದೆ.

"ಬೇಗ ತಗ್ಗಿಸೋ," ಎಂದು ಅಕ್ಕ ಉಸಿರಿದಳು. "ಎಚ್ಚರ ಆಗತ್ತೆ."

ರೂಢಿ ನೋಡಿ, ಕೈ ತಾನಾಗಿ ಹೋಯಿತು. ತೆಳ್ಳನೆಯ ತಂತಿಯನ್ನು ಅದರ ಜಾಗಕ್ಕೆ ಸಿಕ್ಕಿಸಲು ಪಂಪನ್ನು ಅರೆಕ್ಷಣ ಆರಿಸಿದೆ. ಕೋಣೆಯಲ್ಲಿ ಮೌನ ಇಳಿಯಿತು, ಅಕ್ಕನ ಹತ್ತಿಯ ಮೌನ. ಭಾವನ ಹುಬ್ಬು ಗಂಟಿಕ್ಕಿತು. ರೆಪ್ಪೆಯ ಕೆಳಗೆ ಕಣ್ಣು ಓಡಾಡಿತು. ಜೋತುಬಿದ್ದ ಬೆರಳು ಮಡಚಿಕೊಂಡಿತು, ಕ್ರೇನಿನ ಸನ್ನೆಕೋಲು ಹಿಡಿದ ಹಾಗೆ.

ಆಗ ಅವರ ಮಾತು ನನ್ನೊಳಗೆ ಇಳಿಯಿತು. ತಂತಿ ಬಿಟ್ಟು ಗುಂಡಿ ಒತ್ತಿದೆ. ಗುಂಯ್. ಬೆರಳು ಬಿಚ್ಚಿಕೊಂಡಿತು. ಹುಬ್ಬು ಸರಿಹೋಯಿತು.

ನಾನು ಅಕ್ಕನ ಮುಖ ನೋಡಲಿಲ್ಲ. ನೋಡಬೇಕಿರಲಿಲ್ಲ, ಅವಳೂ ಕಂಡಿದ್ದಳು. ಇಷ್ಟು ಕಾಲ ಅವಳು ಎಲ್ಲೆಲ್ಲಿ ಸದ್ದು ಹುಡುಕಿ ಹುಡುಕಿ ಕೊಂದಿದ್ದಳೋ, ಅದನ್ನೆಲ್ಲ ಒಂದೊಂದಾಗಿ ನೆನೆಯುತ್ತಿರುವವಳ ಹಾಗೆ ಕೂತಿದ್ದಳು. ಆಮೇಲೆ ನೆಲದ ಮೇಲಿದ್ದ ಸ್ಪಂಜು ಎತ್ತಿಕೊಂಡು, ನೀರು ಚೆಲ್ಲಿದ ಜಾಗವನ್ನು ಅದರಿಂದಲೇ ಒರೆಸಿ, ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೇಳಿಸಿತು. ತೊಟ್. ತಡೆದು ಮತ್ತೆ, ತೊಟ್.

ಮಧ್ಯಾಹ್ನವೆಲ್ಲ ನಾನು ಗೋಡೆಗೊರಗಿ ಕೂತಿದ್ದೆ. ಸೋರಿಕೆ ಇದೆಯೇ ಎಂದು ನೋಡಲು ಪಂಪನ್ನು ಹೀಗೆ ಬರಿದೇ ಓಡಿಸಬೇಕು, ಅದೂ ಒಂದು ನೆಪ. ಕಂಪ್ಯೂಟರನ್ನೇ ಎಬ್ಬಿಸಿದ್ದರೆ ಚಿತ್ರ ಮುಗಿಯುತ್ತಿತ್ತು. ಆದರೆ ಎಲ್ಲ ತಂತಿ ಮತ್ತೆ ಜೋಡಿಸಲು ಪಂಪು ಆರಿಸಬೇಕು. ಆರಿಸಲಿಲ್ಲ. ಆ ಮನೆ ಬೇರೆಯವನ ಪಾಲಾದರೆ ಆಗಲಿ. ಅವನು ಅದರ ಕಿಟಕಿಗೆ ಎಂಥ ಬಿಸಿಲು ಬಿಡುತ್ತಾನೋ, ಯೋಚಿಸಿದರೆ ಮೈ ಉರಿಯುತ್ತದೆ.

ಬಿಸಿಲ ಎಳೆ ಗೋಡೆ ಬಿಟ್ಟು ಹೋದ ಮೇಲೆ ಭಾವ ಎದ್ದರು. ಮುಖದ ಮೇಲೆ ದಿಂಬಿನ ಗೆರೆ.

"ಬದುಕಿತಾ ನಿನ್ನ ಡಬ್ಬ?"

"ಹೂಂ."

"ವಿಪರೀತ ಗಲಾಟೆ ಮಾಡತ್ತಪ್ಪ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಾಗೇ ಇರ್ಲಿ. ನಿಮ್ಮಕ್ಕನಿಗೆ ಹೇಳ್ಬೇಡ."

"ನಿಮ್ಮಕ್ಕನಿಗೆ ಕೇಳಿಸ್ತಿದೆ," ಎಂದಳು ಅಕ್ಕ ಅಡುಗೆಮನೆಯಿಂದ. ತುಂಬು ಗಂಟಲಲ್ಲಿ. ಅವಳ ದನಿ ಅಷ್ಟು ದಪ್ಪ ಎಂಬುದೇ ನನಗೆ ಮರೆತುಹೋಗಿತ್ತು. "ಮುಖ ತೊಳ್ಕೊಂಡು ಬನ್ನಿ, ಊಟ ಆರ್ತಿದೆ."

ಉಂಡು, ಬೂಟು ಕಟ್ಟಿ, ಭಾವ ಮೇಜಿನ ಹತ್ತಿರ ಬಂದರು. ಕರವಸ್ತ್ರ ಬಿಚ್ಚಿ ಕೀಲಿ ತೆಗೆದುಕೊಂಡರು, ಕರವಸ್ತ್ರವನ್ನು ಅಲ್ಲೇ ಬಿಟ್ಟರು. ಕೀಲಿ ಜೇಬಿನಲ್ಲಿ ಝಣಗುಟ್ಟುತ್ತಾ ಹೊರಬಾಗಿಲಿನವರೆಗೂ ಹೋಯಿತು. ಚೌಕಟ್ಟಿನ ಕಂಬಳಿ ಪಟ್ಟಿ ಯಾವಾಗಲೋ ಮಾಯವಾಗಿತ್ತು. ಬಾಗಿಲು ದಢ್ ಎಂದಿತು. ಕೊಳವೆಯಲ್ಲಿ ನೀರು ಒಮ್ಮೆ ಬೆಚ್ಚಿ, ಮತ್ತೆ ತನ್ನ ದಾರಿ ಹಿಡಿಯಿತು.